ವಸಡಿನ ರಕ್ತವನ್ನು ಉಷ್ಣವೆಂದು ಕಡೆಗಣಿಸದಿರೋಣ

ಶರಣರು ದೇಹವನ್ನು ಹೀಗಳೆಯಲಿಲ್ಲ. ಅದನ್ನೇ ದೇಗುಲವೆಂದು ಕಂಡರು. ಆ ಪರಂಪರೆಗೆ ಸೇರಿದ ನಾವು ನಿತ್ಯವೂ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುತ್ತೇವೆ. ಆದರೆ ಆ ದೇಗುಲದ ಹೆಬ್ಬಾಗಿಲಾದ ಬಾಯಿಯ ವಿಷಯದಲ್ಲಿ ನಮ್ಮ ಉದಾಸೀನಕ್ಕೆ ಮಿತಿಯಿಲ್ಲ. ಹಲ್ಲುಜ್ಜುವಾಗ ರಕ್ತ ಕಂಡರೆ ‘ಮೈಗೆ ಉಷ್ಣವಾಗಿದೆ’ ಎಂದು ಒಂದು ಲೋಟ ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಈ ಉದಾಸೀನ ಯಾರಿಗೂ ಒಳ್ಳೆಯದಲ್ಲ; ಸಂಧಿವಾತದಿಂದ ಬಳಲುತ್ತಿರುವವರಿಗಂತೂ ಹಾನಿಕರ. ಅವರ ವಸಡಿನ ರಕ್ತವನ್ನು ಬಾಯಿಯ ಸಣ್ಣ ತೊಂದರೆಯೆಂದು ಬದಿಗಿಡದೆ, ಕೀಲುಗಳ ಚಿಕಿತ್ಸೆಯ ಭಾಗವಾಗಿಯೇ ಪರಿಗಣಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಸಂಧಿವಾತವೆಂದರೆ ಇಲ್ಲಿ ವಯಸ್ಸಾದಂತೆ ಮಂಡಿ ಸವೆದು ಬರುವ ನೋವಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ವೈದ್ಯರು ಕರೆಯುವ ಈ ಕಾಯಿಲೆಯಲ್ಲಿ, ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಿಕ್ಕುತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎರಡೂ ಕೈಗಳ ಬೆರಳ ಗೆಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಊದಿ ನೋಯುತ್ತವೆ. ಬೆಳಿಗ್ಗೆ ಎದ್ದಾಗ ಬಿಗಿದ ಕೈ ಸಡಿಲಗೊಳ್ಳಲು ಹಲವರಿಗೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು 2ರಿಂದ 3 ಪಟ್ಟು ಹೆಚ್ಚು. ಮನೆಯಲ್ಲಿ ರೊಟ್ಟಿ ಬಡಿಯುವ, ಮಠದ ದಾಸೋಹಕ್ಕೆ ತರಕಾರಿ ಹೆಚ್ಚುವ ಎಷ್ಟೋ ತಾಯಂದಿರು ಈ ನೋವನ್ನು ಬಾಯಿಬಿಟ್ಟು ಹೇಳದೆ ನುಂಗಿಕೊಂಡಿದ್ದಾರೆ.

ಇನ್ನು ವಸಡಿನ ವಿಷಯ. ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳ ಅಂಟಾದ ತೆಳುಪದರವೊಂದು ದಿನವೂ ಕಟ್ಟುತ್ತದೆ. ಅದನ್ನು ಆಯಾ ದಿನವೇ ಉಜ್ಜಿ ತೆಗೆಯದಿದ್ದರೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಕಿಟ್ಟವನ್ನು ತೆಗೆಯುವುದು ಬ್ರಷ್ಷಿಗೆ ಸಾಧ್ಯವಿಲ್ಲ. ಆಗ ವಸಡು ಕೆಂಪಾಗಿ ಊದಿಕೊಂಡು, ಮುಟ್ಟಿದರೆ ರಕ್ತ ಒಸರುತ್ತದೆ. ಈ ಹಂತದಲ್ಲಿ ಶುಚಿಗೊಳಿಸಿದರೆ ವಸಡು ಪೂರ್ತಿಯಾಗಿ ಮೊದಲಿನಂತಾಗಬಲ್ಲದು. ಕಡೆಗಣಿಸಿದರೆ ಉರಿಯೂತ ಆಳಕ್ಕಿಳಿದು, ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಕರಗಿಸಬಹುದು. ಹಾಗೆ ಕಳೆದುಹೋದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ.

ಕೀಲಿಗೂ ವಸಡಿಗೂ ಎಲ್ಲಿಯ ನಂಟು ಎಂದು ಕೇಳಬಹುದು. ವಸಡಿನ ಕಾಯಿಲೆಯನ್ನು ಉಂಟುಮಾಡುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನುಗಳ ಸ್ವರೂಪವನ್ನು ಮಾರ್ಪಡಿಸುವ ಕಿಣ್ವವೊಂದಿದೆ. ಇಂತಹ ಮಾರ್ಪಾಡಿಗೆ ಒಳಗಾದ ಪ್ರೋಟೀನುಗಳನ್ನು ಪರಕೀಯವೆಂದು ಭ್ರಮಿಸಿ ದೇಹವು ಪ್ರತಿಕಾಯಗಳನ್ನು ತಯಾರಿಸುತ್ತದೆ. ಸಂಧಿವಾತದ ರೋಗಿಗಳಿಗೆ ಮಾಡಿಸುವ ಆಂಟಿ ಸಿಸಿಪಿ ರಕ್ತಪರೀಕ್ಷೆ ಹುಡುಕುವುದು ಈ ಪ್ರತಿಕಾಯಗಳನ್ನೇ. 2016ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ವಸಡಿನ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಇಂತಹ ಮಾರ್ಪಾಡನ್ನು ಪ್ರಚೋದಿಸಬಲ್ಲದೆಂದು ತೋರಿಸಿದರು. ಇದರಿಂದ ವಸಡಿನ ಕಾಯಿಲೆಯೊಂದೇ ಸಂಧಿವಾತಕ್ಕೆ ಕಾರಣವೆಂದು ಹೇಳುವಂತಿಲ್ಲ. ವಂಶವಾಹಿಗಳೂ ಧೂಮಪಾನವೂ ಅದರಲ್ಲಿ ಪಾಲುದಾರರು. ವಸಡಿಗೆ ಚಿಕಿತ್ಸೆ ಪಡೆದ ಬಳಿಕ ಕೀಲುಗಳ ಊತ ತುಸು ತಗ್ಗಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ, ಕೆಲವು ಕಂಡಿಲ್ಲ. ಆದ್ದರಿಂದ ಹಲ್ಲು ಶುಚಿಯಾದರೆ ಸಂಧಿವಾತ ಮಾಯವಾಗುತ್ತದೆಂದು ಯಾರಾದರೂ ಹೇಳಿದರೆ ಭಕ್ತರು ನಂಬಬಾರದು. ಆದರೆ ದೇಹದ ಒಂದು ಕಡೆ ಉರಿಯೂತವನ್ನು ಆರಿಸಲು ದುಬಾರಿ ಔಷಧ ಸೇವಿಸುತ್ತ, ಮತ್ತೊಂದು ಕಡೆ ಅದೇ ಉರಿಯೂತವನ್ನು ವರ್ಷಗಟ್ಟಲೆ ಉಳಿಯಗೊಡುವುದು ವಿವೇಕವಲ್ಲ.

ಈ ನಂಟಿಗೆ ಇನ್ನೊಂದು ಮುಖವಿದೆ. ಲಿಂಗವನ್ನು ಕರಸ್ಥಲದಲ್ಲಿ ಹಿಡಿಯಲೂ ನೋಯುವ ಕೈ, ತೆಳುವಾದ ಬ್ರಷ್ಷಿನ ಹಿಡಿಯನ್ನು ಬಿಗಿಹಿಡಿದು ಒಳದವಡೆಯನ್ನು ಉಜ್ಜುವುದಾದರೂ ಹೇಗೆ? ಕೆಲವರಿಗೆ ಕಿವಿಯ ಮುಂದಿನ ದವಡೆಯ ಕೀಲೂ ನೊಂದು ಬಾಯಿ ಅಗಲವಾಗಿ ತೆರೆಯುವುದಿಲ್ಲ. ಇನ್ನು ಕೆಲವರಿಗೆ ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಉಜ್ಜುವುದು ಕಷ್ಟವಾದಷ್ಟೂ ಪದರ ಕಟ್ಟುತ್ತದೆ, ಪದರ ಕಟ್ಟಿದಷ್ಟೂ ರಕ್ತ ಬರುತ್ತದೆ, ರಕ್ತಕ್ಕೆ ಹೆದರಿ ಉಜ್ಜುವುದನ್ನೇ ಬಿಡುತ್ತಾರೆ. ಮನೆಯವರು ಇದನ್ನು ಸೋಮಾರಿತನವೆಂದು ಎಣಿಸಬಾರದು.

ಎಲ್ಲಕ್ಕಿಂತ ನಮ್ಮನ್ನು ಚಿಂತೆಗೀಡುಮಾಡುವ ಸಂಗತಿ ಬೇರೆಯಿದೆ. ರಕ್ತ ಕಂಡೊಡನೆ ‘ಮಾತ್ರೆಯ ಉಷ್ಣ’ವೆಂದು ತೀರ್ಮಾನಿಸಿ ಸಂಧಿವಾತದ ಔಷಧವನ್ನೇ ನಿಲ್ಲಿಸಿಬಿಡುವವರಿದ್ದಾರೆ. ಔಷಧ ನಿಂತರೆ ಕೀಲುಗಳ ಉರಿಯೂತ ಮರುಕಳಿಸಬಹುದು. ಕೀಲು ಒಮ್ಮೆ ವಿರೂಪಗೊಂಡರೆ ಮತ್ತೆ ನೇರವಾಗದು. ಬಹುಕಾಲ ಸೇವಿಸಿದ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾದೀತು. ಹಾಗೆಂದು ಔಷಧಕ್ಕೂ ರಕ್ತಕ್ಕೂ ಸಂಬಂಧವೇ ಇಲ್ಲವೆಂದಲ್ಲ. ವ್ಯಾಪಕವಾಗಿ ಬಳಕೆಯಲ್ಲಿರುವ ಮೆಥೋಟ್ರೆಕ್ಸೇಟ್ ಕೆಲವರಲ್ಲಿ ಬಾಯಿಹುಣ್ಣು ತರುತ್ತದೆ. ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ತಗ್ಗಿಸುತ್ತದೆ. ಇದು ವಾರಕ್ಕೊಮ್ಮೆ ಮಾತ್ರ ಸೇವಿಸುವ ಔಷಧ. ತಪ್ಪು ತಿಳಿದು ದಿನವೂ ನುಂಗಿ ಪ್ರಾಣ ಕಳೆದುಕೊಂಡ ಪ್ರಕರಣಗಳು ವೈದ್ಯಲೋಕದಲ್ಲಿ ದಾಖಲಾಗಿವೆ. ಉಜ್ಜದೆಯೂ ವಸಡಿನಿಂದ ರಕ್ತ ಒಸರುವುದು, ಚರ್ಮದ ಮೇಲೆ ಕೆಂಪು ಚುಕ್ಕೆ ಅಥವಾ ಕಾರಣವಿಲ್ಲದೆ ಕಂದಿದ ಗುರುತು, ಮೂಗಿನಲ್ಲಿ ರಕ್ತ, ಕಪ್ಪು ಮಲ, ಜ್ವರ, ಬಾಯಿತುಂಬ ಹುಣ್ಣು ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ಔಷಧವನ್ನು ತಡೆಯಬೇಕೋ ಮುಂದುವರಿಸಬೇಕೋ ಎಂಬ ನಿರ್ಣಯ ಅವರದಾಗಿರಲಿ. ಪೂಜೆಯಾಗುವವರೆಗೆ ಏನನ್ನೂ ಸೇವಿಸದ ಹಿರಿಯರು ನೋವಿನ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗದೆ, ತಮ್ಮ ನಿಯಮವನ್ನು ವೈದ್ಯರಿಗೆ ತಿಳಿಸಿ ಹೊತ್ತನ್ನು ಹೊಂದಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಡಬಾರದು; ಮೃದುವಾದ ಎಳೆಗಳ ಬ್ರಷ್ಷಿನಿಂದ, ಫ್ಲೋರೈಡ್ ಇರುವ ಪೇಸ್ಟ್ ಬಳಸಿ, ವಸಡಿನ ಅಂಚಿನಲ್ಲಿ ಹಗುರವಾಗಿ ದಿನಕ್ಕೆ ಎರಡು ಬಾರಿ ಉಜ್ಜಬೇಕು. ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಾರ ಕಟ್ಟಿದರೆ, ಇಲ್ಲವೇ ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕುವ ರಬ್ಬರ್ ಹಿಡಿಯನ್ನು ತೊಡಿಸಿದರೆ, ಮುಷ್ಟಿ ಪೂರ್ತಿ ಮಡಚದವರಿಗೂ ಹಿಡಿತ ಸಿಗುತ್ತದೆ. ಬಾಯಿ ಹೆಚ್ಚು ತೆರೆಯದವರಿಗೆ ಮಕ್ಕಳ ಬ್ರಷ್ ಅನುಕೂಲ. ಶಕ್ತಿಯಿದ್ದವರು ಬ್ಯಾಟರಿ ಬ್ರಷ್ ಕೊಳ್ಳಬಹುದು. ಅದರ ಹಿಡಿ ದಪ್ಪ, ಕೈ ಆಡಿಸುವ ಶ್ರಮ ಕಡಿಮೆ. ಬೆಳಿಗ್ಗೆ ಕೈಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು, ಬಿಗಿತ ಸಡಿಲಿದ ಮೇಲೆ ಉಜ್ಜಬಹುದು. ರಾತ್ರಿ ಪ್ರಸಾದವಾದ ಬಳಿಕ ಉಜ್ಜುವುದನ್ನು ಮಾತ್ರ ತಪ್ಪಿಸಬಾರದು. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರೆ ಹಿತವಾಗುತ್ತದೆ, ಆದರೆ ಅದು ಉಜ್ಜುವುದಕ್ಕೆ ಬದಲಿಯಲ್ಲ. ಇದ್ದಿಲು, ಇಟ್ಟಿಗೆಪುಡಿ ಹಲ್ಲನ್ನು ಸವೆಸುತ್ತವೆ. ತಂಬಾಕು ಯಾವ ರೂಪದಲ್ಲಿದ್ದರೂ ವಸಡಿಗೆ ಶತ್ರು. ಬೀಡಿ, ಸಿಗರೇಟು ಕೀಲಿನ ಕಾಯಿಲೆಯನ್ನೂ ಹೆಚ್ಚಿಸುತ್ತವೆ. ಧೂಮಪಾನಿಗಳ ವಸಡಿನಲ್ಲಿ ರಕ್ತ ಕಡಿಮೆ ಬರುವುದುಂಟು. ಅದು ಆರೋಗ್ಯದ ಲಕ್ಷಣವಲ್ಲ, ಒಳಗಿನ ರೋಗವನ್ನು ಮುಚ್ಚಿಡುವ ಪರದೆ.

ಹಲ್ಲನ್ನು ವೈದ್ಯರಿಂದ ಶುಚಿಗೊಳಿಸಿದರೆ ಸಡಿಲವಾಗುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ. ಮೊದಲೇ ಮೂಳೆ ಕರಗಿದ ಹಲ್ಲನ್ನು ಕಿಟ್ಟವೇ ಹಿಡಿದಿಟ್ಟಂತಿರುತ್ತದೆ. ಅದು ಹೋದಾಗ ನಿಜಸ್ಥಿತಿ ಬಯಲಾಗುತ್ತದೆ, ಅಷ್ಟೇ. ದಂತವೈದ್ಯರಲ್ಲಿಗೆ ಹೋಗುವಾಗ ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಯನ್ನು ಒಯ್ಯಬೇಕು. ಕೆಲವು ಪ್ರತಿಜೀವಕಗಳು, ವಿಶೇಷವಾಗಿ ಕೋ-ಟ್ರೈಮೋಕ್ಸಜೋಲ್, ಮೆಥೋಟ್ರೆಕ್ಸೇಟಿನೊಡನೆ ಸೇರಿದರೆ ಅಪಾಯಕಾರಿ. ಕುತ್ತಿಗೆಯ ಕೀಲಿನಲ್ಲಿ ನೋವಿದ್ದರೆ ಅದನ್ನೂ ತಿಳಿಸಿ, ಕುತ್ತಿಗೆಗೆ ಆಸರೆ ಕೇಳಿ, ಚಿಕಿತ್ಸೆಯನ್ನು ಎರಡು ಮೂರು ಚಿಕ್ಕ ಅವಧಿಗಳಾಗಿ ಹಂಚಿಕೊಳ್ಳಬಹುದು. ಕೀಲಿನ ವೈದ್ಯರಿಗೂ ವಸಡಿನ ರಕ್ತದ ವಿಷಯವನ್ನು ನಾವಾಗಿಯೇ ಹೇಳಬೇಕು; ಅವರು ಬಾಯಿ ತೆರೆಸಿ ನೋಡುವರೆಂದು ಕಾಯಬಾರದು.

ಲಿಂಗಾಯತ ಸಮಾಜ ವಿದ್ಯಾದಾನದ ಜೊತೆಗೆ ಆರೋಗ್ಯದಾನವನ್ನೂ ಮಾಡುತ್ತ ಬಂದಿದೆ. ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಗಳು ದಂತವೈದ್ಯಕೀಯ ಕಾಲೇಜುಗಳನ್ನೇ ನಡೆಸುತ್ತಿವೆ. ಇಂತಹ ಬೋಧನಾ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ ವೆಚ್ಚದಲ್ಲಿ ವಸಡಿನ ಚಿಕಿತ್ಸೆ ದೊರೆಯುತ್ತದೆ. ಮಠಗಳ ಜಾತ್ರೆಯಲ್ಲಿ ಕಣ್ಣಿನ ತಪಾಸಣೆ, ರಕ್ತದಾನ ಶಿಬಿರಗಳು ಏರ್ಪಡುತ್ತವೆ. ಇನ್ನು ಮುಂದೆ ಕೀಲಿನ ವೈದ್ಯರನ್ನೂ ದಂತವೈದ್ಯರನ್ನೂ ಅಕ್ಕಪಕ್ಕದಲ್ಲಿ ಕೂರಿಸುವ ಏರ್ಪಾಡಾಗಲಿ ಎಂದು ನಾವು ಅರಿಕೆ ಮಾಡಿಕೊಳ್ಳುತ್ತೇವೆ. ಒಂದೇ ರೋಗಿಯನ್ನು ಇಬ್ಬರೂ ಒಟ್ಟಿಗೆ ನೋಡಿದರೆ ಆಗುವ ಉಪಕಾರ ದೊಡ್ಡದು.

ಬಂದ ಕಾಯಿಲೆಯನ್ನು ಪೂರ್ವಜನ್ಮದ ಫಲವೆಂದು ಸಹಿಸಿ ಕೂರುವುದನ್ನು ಶರಣರು ಕಲಿಸಲಿಲ್ಲ. ಸಂಧಿವಾತವನ್ನು ಬೇರುಸಹಿತ ಕಿತ್ತೊಗೆಯುವ ಔಷಧ ಇಂದಿಗೂ ಇಲ್ಲ. ಅದನ್ನು ಹತೋಟಿಯಲ್ಲಿಟ್ಟುಕೊಂಡು ಕಾಯಕ ಮಾಡುತ್ತ ಬಾಳುವುದು ಮಾತ್ರ ಸಾಧ್ಯ. ಮನೆಯಲ್ಲಿ ಸಂಧಿವಾತವಿರುವ ತಾಯಿಯೋ ಅತ್ತೆಯೋ ಇದ್ದರೆ, ಇಂದು ರಾತ್ರಿಯೇ ಅವರ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿಕೊಡಿ, ಪೇಸ್ಟಿನ ಮುಚ್ಚಳ ತೆರೆದುಕೊಡಿ, ವಸಡಿನಲ್ಲಿ ರಕ್ತ ಬರುತ್ತಿದೆಯೇ ಎಂದು ಕೇಳಿ. ಬರುತ್ತಿದೆ ಎಂದರೆ ಈ ವಾರವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.