ಆರ್ಕ್ ತಾಯಿ ಕೂಸು ಎತ್ಕೊಂಡ್ರೆ ನಿಮಗ್ಯಾಕೆ ಉರಿ?



ಉದ್ದದ ಪೋಸ್ಟ್, ಟೀ ಇಟ್ಕೊಂಡು ಓದಿ. ಮಾಡೋಕೆ ನೂರು ಕೆಲಸ ಬಿದ್ದಿರೋವಾಗ ಇವನ್ಯಾಕೆ ಇಂಗ್ಲಿಷ್ ಮಾಯಾಮಂತ್ರದ ಕಥೆ ಹಿಡ್ಕೊಂಡು ಕೂತ ಅಂತ ಕೆಲವರು ಅಂದ್ಕೊಬಹುದು. ಅಂದ್ಕೊಳ್ಳಿ. ಹೋದ ವಾರ ನಮ್ಮದೇ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಮ್ಮ ಒಂದು ವಿಡಿಯೋ ಹಾಕಿ, "ಅಣ್ಣ, ಟೋಲ್ಕಿನ್ ಕಥೆನ ವೋಕ್ ಮಂದಿ ಹಾಳು ಮಾಡ್ಬಿಟ್ರು, ಕರಿಯರನ್ನೆಲ್ಲ ಎಲ್ಫ್ ಮಾಡಿದಾರೆ" ಅಂತ ಬರೆದ. ಒಳ್ಳೆ ಹುಡುಗ, ಏಪ್ರಿಲ್ 14ಕ್ಕೆ ರಾತ್ರಿಯೆಲ್ಲ ನಿಂತು ಬ್ಯಾನರ್ ಕಟ್ಟೋನು. ಅವನ ಬಾಯಲ್ಲಿ ಈ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಪೋಸ್ಟ್.

ಗೊತ್ತಿಲ್ಲದೋರಿಗೆ ಒಂದೆರಡು ಮಾತು. ಇಂಗ್ಲೆಂಡಿನ ಪ್ರೊಫೆಸರ್ ಜೆ. ಆರ್. ಆರ್. ಟೋಲ್ಕಿನ್ 1937ರಲ್ಲಿ 'ದಿ ಹಾಬಿಟ್', 1954-55ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ. ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ಮೂರು ಸಿನಿಮಾ ತೆಗೆದ. ಆಮೇಲೆ ಅಮೆಜಾನ್ 2022ರ ಸೆಪ್ಟೆಂಬರಿನಲ್ಲಿ 'ದಿ ರಿಂಗ್ಸ್ ಆಫ್ ಪವರ್' ಸರಣಿ ಶುರು ಮಾಡ್ತು. ಅದರಲ್ಲಿ ಪೋರ್ಟೊ ರಿಕೋದ ಕಪ್ಪು ನಟ ಇಸ್ಮಾಯಿಲ್ ಕ್ರೂಜ್ ಕೊರ್ಡೋವಾ ಎಲ್ಫ್ ಆದ, ಸೋಫಿಯಾ ನೊಮ್ವೆಟೆ ಅನ್ನೋ ಕಪ್ಪು ನಟಿ ಕುಳ್ಳರ ಕುಲದ ರಾಜಕುಮಾರಿ ಆದಳು, ಲೆನ್ನಿ ಹೆನ್ರಿ ಹಾರ್‌ಫುಟ್ ಆದ. ಅಷ್ಟಕ್ಕೇ ಜಗತ್ತಿನ ಮೂಲೆಮೂಲೆಯಿಂದ ಬೈಗುಳದ ಮಳೆ. ಸರಣಿಯ ತಂಡವೇ ಈ ಜನಾಂಗೀಯ ನಿಂದನೆ ಖಂಡಿಸಿ ಹೇಳಿಕೆ ಕೊಡಬೇಕಾಯ್ತು. ಹಳೇ ಸಿನಿಮಾದಲ್ಲಿ ಫ್ರೋಡೋ, ಸ್ಯಾಮ್, ಮೆರ್ರಿ, ಪಿಪ್ಪಿನ್ ಆಗಿದ್ದ ನಾಲ್ಕೂ ನಟರು ಎಲ್ಲ ಬಣ್ಣದ ಕಿವಿಗಳಿರೋ ಟೀ ಶರ್ಟು, ಟೋಪಿ ಹಾಕ್ಕೊಂಡು ಹೊಸಬರ ಪರ ನಿಂತರು.

ಬೈದೋರ ವಾದ ಒಂದೇ: "ನಾವು ಜನಾಂಗವಾದಿಗಳಲ್ಲ, ಮೂಲಕ್ಕೆ ನಿಷ್ಠೆ ಇರಬೇಕು ಅಷ್ಟೆ." ಆಯ್ತು ಸ್ವಾಮಿ. ನಿಷ್ಠೆ ಅನ್ನೋ ತಕ್ಕಡಿಯನ್ನೇ ಹಿಡಿಯೋಣ, ಅದರಲ್ಲೇ ತೂಗೋಣ.

ಮೊದಲು ಒಪ್ಪಬೇಕಾದ್ದು ಒಪ್ತೀನಿ. ಟೋಲ್ಕಿನ್ ಎಲ್ಫ್‌ಗಳನ್ನ ಬಿಳಿ ಚರ್ಮದವರು ಅಂತಲೇ ಬರೆದಿದ್ದಾನೆ. ಆದರೆ ಅದೇ ಪುಸ್ತಕದ ಪೀಠಿಕೆಯಲ್ಲಿ, ಹಾಬಿಟ್‌ಗಳ ಮೂರು ಪಂಗಡದಲ್ಲಿ ಹಾರ್‌ಫುಟ್‌ಗಳ ಮೈಬಣ್ಣ ಹೆಚ್ಚು ಕಂದು ಅಂತಲೂ ಬರೆದಿದ್ದಾನೆ, ಅವರೇ ಸಂಖ್ಯೆಯಲ್ಲಿ ಜಾಸ್ತಿ ಅಂತಲೂ ಬರೆದಿದ್ದಾನೆ. ಜಾಕ್ಸನ್ ಸಿನಿಮಾದಲ್ಲಿ ಒಬ್ಬನಾದ್ರೂ ಕಂದು ಹಾಬಿಟ್ ಇದ್ದನಾ ಮುಖ್ಯ ಪಾತ್ರದಲ್ಲಿ? ಇಪ್ಪತ್ತು ವರ್ಷ ಯಾರೂ ಕೇಳಲಿಲ್ಲ. ಲೆನ್ನಿ ಹೆನ್ರಿ ಬಂದಾಗ ಮಾತ್ರ ಎಲ್ಲರಿಗೂ ಪುಸ್ತಕ ನೆನಪಾಯ್ತು, ಅದೂ ತಪ್ಪಾಗಿ ನೆನಪಾಯ್ತು.

ಜಾಕ್ಸನ್ ಏನು ಕಮ್ಮಿ ಬದಲಾಯಿಸಿದನಾ? ಗ್ಲೋರ್‌ಫಿಂಡೆಲ್ ಮಾಡೋ ಕೆಲಸ ಆರ್ವೆನ್‌ಗೆ ಕೊಟ್ಟ. ಟಾಮ್ ಬಾಂಬಡಿಲ್‌ನ ಪೂರ್ತಿ ಎತ್ತಿಹಾಕಿದ. ಕೊನೆಯಲ್ಲಿ ಹಾಬಿಟ್‌ಗಳು ಊರಿಗೆ ವಾಪಸ್ ಬಂದು, ಊರನ್ನ ಹಿಂಡ್ತಿದ್ದ ದಬ್ಬಾಳಿಕೆಯೋರ ವಿರುದ್ಧ ಎದ್ದು ನಿಲ್ಲೋ ಅಧ್ಯಾಯವನ್ನೇ ಕತ್ತರಿಸಿದ (ನನಗೆ ಇಡೀ ಪುಸ್ತಕದಲ್ಲಿ ಅತಿ ಇಷ್ಟ ಆದ ಅಧ್ಯಾಯ ಅದು). ಗೊಣಗಿದೋರು ಗೊಣಗಿದರು, ಕೊನೇ ಸಿನಿಮಾಗೆ 11 ಆಸ್ಕರ್ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಇದರಲ್ಲಿ ಒಂದು ಬದಲಾವಣೆ ಮಾತ್ರ ನನ್ನ ಗಂಟಲಲ್ಲಿ ಇವತ್ತಿಗೂ ಸಿಕ್ಕಾಕ್ಕೊಂಡಿದೆ. ಪುಸ್ತಕದಲ್ಲಿ, ದಕ್ಷಿಣದ ಕಡೆಯಿಂದ ಯುದ್ಧಕ್ಕೆ ಬಂದ ಕಂದು ಮೈಬಣ್ಣದ ಒಬ್ಬ ಸೈನಿಕ ಸತ್ತು ಬೀಳ್ತಾನೆ. ಅವನನ್ನ ನೋಡಿ ಸ್ಯಾಮ್ ಯೋಚಿಸ್ತಾನೆ: ಇವನ ಹೆಸರೇನಿತ್ತೋ, ಎಲ್ಲಿಂದ ಬಂದನೋ, ನಿಜಕ್ಕೂ ಕೆಟ್ಟವನಾಗಿದ್ದನಾ, ಇಲ್ಲಾ ಯಾರೋ ಸುಳ್ಳು ಹೇಳಿ, ಹೆದರಿಸಿ ಕರ್ಕೊಂಡು ಬಂದರಾ ಅಂತ. ಸ್ಯಾಮ್ ಯಾರು? ಫ್ರೋಡೋ ಧಣಿಯ ತೋಟದ ಆಳು. ಓದು ಬರಹ ಅಷ್ಟಕ್ಕಷ್ಟೆ. ಆಳಿನ ಎದೆಯಲ್ಲಿ ಹುಟ್ಟಿದ ಯೋಚನೆ ಅದು, ಸತ್ತವನ ಸಂಕಟ ಆಳಿಗೆ ಗೊತ್ತಾಗಿದ್ದು. ಜಾಕ್ಸನ್ ಮೊದಲು ಅದನ್ನ ಥಿಯೇಟರಿಗೆ ಬಿಡಲಿಲ್ಲ. ಆಮೇಲೆ ಉದ್ದದ ಆವೃತ್ತಿಯಲ್ಲಿ ಸೇರಿಸಿದ, ಆದರೆ ಯಾರ ಬಾಯಿಗೆ ಕೊಟ್ಟ? ಫರಾಮಿರ್‌ಗೆ, ಗೊಂಡೋರ್ ಆಳೋನ ಮಗನಿಗೆ. ಆಳಿನ ವಿವೇಕ ಕಿತ್ತು ದೊರೆಮಗನ ಬಾಯಿಗೆ ಇಟ್ಟರು ಕಣ್ರಪ್ಪ. ಮೂಲನಿಷ್ಠರ ಪೈಕಿ ಎಷ್ಟು ಜನ ಇದಕ್ಕೆ ರೊಚ್ಚಿಗೆದ್ದರು, ಹೇಳಿ. ಈ ಥರದ ಕಳ್ಳತನ ನಮಗೆ ಹೊಸದಲ್ಲ ಬಿಡಿ, ನಮ್ಮೋರು ಕಟ್ಟಿದ ಹಾಡಿಗೆ ಬೇರೆಯೋರ ಹೆಸರು ಬಿದ್ದಿದ್ದನ್ನ ನೋಡ್ಕೊಂಡೇ ಬೆಳೆದೋರು ನಾವು.

ಇನ್ನೊಂದು ಕಥೆ ಕೇಳಿ, ತಕ್ಕಡಿ ಎಷ್ಟು ವಾಲಿದೆ ಗೊತ್ತಾಗುತ್ತೆ. ಅಮೆರಿಕದ ಉರ್ಸುಲಾ ಲೆ ಗ್ವಿನ್ 1968ರಲ್ಲಿ 'ಎ ವಿಝರ್ಡ್ ಆಫ್ ಅರ್ತ್‌ಸೀ' ಬರೆದಳು. ಮಂತ್ರವಾದಿ ಗೆಡ್ ಅದರ ನಾಯಕ, ಕೆಂಪುಮಿಶ್ರಿತ ಕಂದು ಬಣ್ಣದೋನು. ಅವನ ಜೀವದ ಗೆಳೆಯ ವೆಚ್ ಕಡುಕಪ್ಪು. ಬಿಳಿ ಚರ್ಮದೋರು ಅಂದ್ರೆ ಕಾರ್ಗ್‌ಗಳು, ಮೊದಲ ಅಧ್ಯಾಯದಲ್ಲೇ ಹಡಗಲ್ಲಿ ಬಂದು ಊರು ಸುಡೋರು. ಇದು ಆಕಸ್ಮಿಕ ಅಲ್ಲ, ಬೇಕಂತಲೇ ಹಾಗೆ ಬರೆದೆ ಅಂತ ಆಕೆಯೇ ಹೇಳಿದ್ದಾಳೆ. 2004ರ ಡಿಸೆಂಬರಿನಲ್ಲಿ ಸೈ-ಫೈ ಚಾನೆಲ್ ಇದನ್ನ ಕಿರುಸರಣಿ ಮಾಡ್ತು. ಗೆಡ್ ಬೆಳ್ಳಗಾದ. ವೆಚ್ ಬೆಳ್ಳಗಾದ. ಮುಖ್ಯ ಪಾತ್ರದಲ್ಲಿ ಕಪ್ಪಾಗಿ ಉಳಿದೋನು ಗೆಡ್‌ನ ಗುರು ಒಬ್ಬನೇ, ಡ್ಯಾನಿ ಗ್ಲೋವರ್. ಲೇಖಕಿ ಬದುಕಿದ್ದಳು! ಕೈಲಿ ಪೆನ್ನಿತ್ತು. ನನ್ನ ಪುಸ್ತಕಕ್ಕೆ ಸುಣ್ಣ ಹೊಡೆದರು ಅಂತ 'ಸ್ಲೇಟ್' ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದಳು. ಅಷ್ಟೇ ಅಲ್ಲ, ಅದಕ್ಕೂ ಮುಂಚೆ ವರ್ಷಗಟ್ಟಲೆ ಪುಸ್ತಕದ ಮುಖಪುಟದಲ್ಲೇ ಗೆಡ್‌ನ ಬೆಳ್ಳಗೆ ಬರೆಯೋರ ಜೊತೆ ಜಗಳ ಆಡಿದ್ದಳು.

ಮೂಲಕ್ಕೆ ಇಷ್ಟು ನೇರವಾದ ದ್ರೋಹ, ಮೂಲದ ತಾಯಿಯೇ ಬಂದು ಸಾಕ್ಷಿ ಹೇಳ್ತಿದ್ದಾಳೆ. ಓದುಗರು ಕೆಲವರು ಸಿಟ್ಟಾದರು ನಿಜ, ಆದರೆ ಜಗತ್ತೇನೂ ಹೊತ್ತಿ ಉರೀಲಿಲ್ಲ. ಆಗ ಸೋಷಿಯಲ್ ಮೀಡಿಯಾ ಇರ್ಲಿಲ್ಲವಲ್ಲ ಅಂತೀರಾ? ಸರಿ, ಇವತ್ತಿದೆಯಲ್ಲ. 2022ರಲ್ಲಿ ನಿಷ್ಠೆಯ ಹೆಸರಲ್ಲಿ ಗಂಟಲು ಹರ್ಕೊಂಡೋರು ಯಾರಾದ್ರೂ ಅದೇ ಉಸಿರಲ್ಲಿ ಗೆಡ್‌ಗೂ ನ್ಯಾಯ ಕೇಳಿದ್ದು ನಾನು ಕಂಡಿಲ್ಲ. ನೀವು ಕಂಡಿದ್ರೆ ಲಿಂಕ್ ಹಾಕಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇದು ನಮ್ಮ ಗೆಳೆಯರಿಗೂ ಸೇರಿದ ಮಾತು. ಕಪ್ಪು ಎಲ್ಫ್ ಬಂದ, ಪ್ರಾತಿನಿಧ್ಯ ಸಿಕ್ತು, ಗೆದ್ದೆವು ಅಂತ ಕುಣಿದರಲ್ಲ ಕೆಲವರು, ಅವರಿಗೂ. ಎಲ್ಫ್‌ಗೆ ಯಾವ ಬಣ್ಣ ಬಳಿದರೂ ಆರ್ಕ್ ಆರ್ಕ್ ಆಗೇ ಉಳಿದ. ಆರ್ಕ್ ಅಂದ್ರೆ ಯಾರು? ಹುಟ್ಟಿನಿಂದಲೇ ಕೆಟ್ಟವನು. ಕುರೂಪಿ, ಹೊಲಸು, ಮುಟ್ಟಿದರೆ ಅಸಹ್ಯ. ಅವನು ಏನೂ ತಪ್ಪು ಮಾಡಬೇಕಿಲ್ಲ, ಹುಟ್ಟಿದ್ದೇ ಸಾಕು. ಕೊಂದರೆ ಪಾಪ ಇಲ್ಲ. ಹೆಲ್ಮ್ಸ್ ಡೀಪ್ ಕಾಳಗದಲ್ಲಿ ಗಿಮ್ಲಿ, ಲೆಗೊಲಾಸ್ ಇಬ್ಬರೂ ಯಾರು ಎಷ್ಟು ಕೊಂದೆವು ಅಂತ ಪಂದ್ಯ ಕಟ್ಟಿ ಎಣಿಸ್ತಾರೆ. ಪುಸ್ತಕದಲ್ಲಿ ಗಿಮ್ಲಿ 42, ಲೆಗೊಲಾಸ್ 41. ನಾನು ಹಾಸ್ಟೆಲ್‌ನಲ್ಲಿದ್ದಾಗ ಬಾಡಿಗೆ ಸಿಡಿ ತಂದು ಅರ್ಧ ಅರ್ಥ ಆಗ್ದೇ ಇದ್ರೂ ಆ ಸಿನಿಮಾ ನೋಡಿದ್ವಿ, ಒಂದೊಂದು ಹೆಣಕ್ಕೂ ಸಿಳ್ಳೆ ಹೊಡೆದ್ವಿ. ಮೂವತ್ತು ಜನ ಹುಡುಗರು, ಎಲ್ಲ ನಮ್ಮ ಕೇರಿಗಳಿಂದ ಬಂದೋರೇ. ನಾವು ಯಾರ ಕಡೆ ನಿಂತು ಸಿಳ್ಳೆ ಹೊಡೀತಿದ್ದೀವಿ ಅಂತ ಒಬ್ಬನಿಗೂ ಹೊಳೀಲಿಲ್ಲ. ಊರೊಳಗೆ ಬಿಟ್ಟುಕೊಳ್ಳದ ಮಂದಿ, ಹೊಲಸು ಅಂತ ಹೆಸರಿಟ್ಟ ಮಂದಿ, ಹುಟ್ಟಿನಿಂದ ತೀರ್ಮಾನ ಆಗಿಹೋದ ಮಂದಿ ಯಾರು ಅಂತ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದ್ರೂ ಹೊಳೀಲಿಲ್ಲ. ಕಥೆಯ ಶಕ್ತಿ ಅಂಥದ್ದು.

1958ರಲ್ಲಿ ಯಾರೋ ಈ ಪುಸ್ತಕವನ್ನ ಸಿನಿಮಾ ಮಾಡ್ತೀವಿ ಅಂತ ಚಿತ್ರಕಥೆ ಕಳಿಸಿದಾಗ ಟೋಲ್ಕಿನ್ ಸಿಟ್ಟಿನಿಂದ ಉದ್ದದ ಪತ್ರ ಬರೆದ. ಅದರಲ್ಲಿ ಆರ್ಕ್ ಹೇಗಿರಬೇಕು ಅಂತ ತಿದ್ದುತ್ತಾ, ಮಂಗೋಲ್ ಮುಖಗಳಲ್ಲಿ ಯುರೋಪಿಯನ್ನರಿಗೆ ಅತಿ ಕಮ್ಮಿ ಹಿಡಿಸೋ ಬಗೆಯನ್ನ ಇನ್ನಷ್ಟು ಕೆಡಿಸಿದ ಹಾಗೆ ಅಂತ ವಿವರಿಸಿದ. ಮೂಲನಿಷ್ಠೆ ಅಂದ್ರಲ್ಲ, ಇದೂ ಮೂಲವೇ. ಇದಕ್ಕೂ ನಿಷ್ಠರಾಗಿರೋಣವಾ?

ಆದರೆ ಅದೇ ಟೋಲ್ಕಿನ್‌ಗೆ ಇನ್ನೊಂದು ಮುಖ ಇದೆ, ಅದನ್ನ ಮುಚ್ಚಿಡೋದು ನ್ಯಾಯ ಅಲ್ಲ. 1938ರಲ್ಲಿ ನಾಜಿ ಜರ್ಮನಿಯ ಪ್ರಕಾಶಕರು 'ದಿ ಹಾಬಿಟ್' ಅನುವಾದಕ್ಕೆ ಮುಂಚೆ ನೀವು ಆರ್ಯರಾ ಅಂತ ಕೇಳಿದರು. ಆರ್ಯ ಅಂದ್ರೆ ಇಂಡೋ-ಇರಾನಿ ಭಾಷೆಯ ಮಾತು, ನಮ್ಮ ಹಿರೀಕರ್ಯಾರೂ ಹಿಂದೂಸ್ತಾನಿ ಮಾತಾಡ್ತಿರಲಿಲ್ಲ, ಯಹೂದಿಯಾ ಅಂತ ಕೇಳ್ತಿದ್ರೆ ಆ ಪ್ರತಿಭಾವಂತ ಜನದ ರಕ್ತ ನನಗಿಲ್ಲ ಅನ್ನೋದೇ ಬೇಜಾರು ಅಂತ ಉತ್ತರದ ಕರಡು ಬರೆದ. ಎಂಟು ವರ್ಷ ಆದ್ಮೇಲೆ ಬಾಬಾಸಾಹೇಬರು 'ಶೂದ್ರರು ಯಾರು' ಪುಸ್ತಕದಲ್ಲಿ ಆರ್ಯ ಜನಾಂಗ ಅನ್ನೋ ಕಟ್ಟುಕಥೆಯನ್ನ ಬಿಚ್ಚಿ ಹರವಿದರು. ಇಬ್ಬರಿಗೂ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಲಿಕ್ಕಿಲ್ಲ. ಆದ್ರೂ ನನಗೆ ಖುಷಿ ಕೊಡೋ ಜೋಡಿ ಅದು.

ಆರ್ಕ್‌ಗಳು ತಿದ್ದಲಾರದಷ್ಟು ಕೆಟ್ಟವರಾ ಅನ್ನೋ ಪ್ರಶ್ನೆ ಟೋಲ್ಕಿನ್‌ನನ್ನೂ ಕಾಡ್ತು. ಕ್ಯಾಥೊಲಿಕ್ ಆಗಿದ್ದ ಅವನು ಸಾಯೋವರೆಗೂ ಅದನ್ನ ಬಗೆಹರಿಸಲಿಲ್ಲ. ಅವನ ಪುಸ್ತಕದಲ್ಲೇ ಬಿರುಕುಗಳಿವೆ. 'ದಿ ಟೂ ಟವರ್ಸ್' ಕೊನೆಯಲ್ಲಿ ಶಾಗ್ರಾಟ್, ಗೋರ್ಬಾಗ್ ಅನ್ನೋ ಇಬ್ಬರು ಆರ್ಕ್‌ಗಳು ಮಾತಾಡ್ಕೊಳ್ತಾರೆ: ಈ ಯುದ್ಧ ಮುಗಿದ್ರೆ ಸದ್ದಿಲ್ಲದೆ ಜಾರ್ಕೊಂಡು ಹೋಗಿ, ದೊಡ್ಡ ಧಣಿಗಳೇ ಇಲ್ಲದ ಕಡೆ ನಮ್ಮ ಪಾಡಿಗೆ ನಾವಿರೋಣ ಅಂತ. ಲೂಟಿ ಬಗ್ಗೆಯೂ ಮಾತಾಡ್ತಾರೆ, ಸಂತರೇನಲ್ಲ. ಆದರೆ ಧಣಿ ಇಲ್ಲದ ಜಾಗದ ಕನಸು! ಸಿನಿಮಾದಲ್ಲಿ ಈ ಮಾತೇ ಇಲ್ಲ. ಜಮೈಕಾ ಮೂಲದ ಕಪ್ಪು ತತ್ವಜ್ಞಾನಿ ಚಾರ್ಲ್ಸ್ ಮಿಲ್ಸ್ ಟೋಲ್ಕಿನ್ ಲೋಕವನ್ನ ಆರ್ಕ್‌ಗಳ ಕಡೆಯಿಂದ ಓದಿ ಒಂದು ಪ್ರಬಂಧ ಬರೆದಿಟ್ಟಿದ್ದ. ಅದು ಅಚ್ಚಾಗಿದ್ದು ಅವನು ತೀರಿಕೊಂಡ ಮೇಲೆ, 2022ರಲ್ಲಿ. ಹುಡುಕಿ ಓದಿ.

2024ರಲ್ಲಿ 'ರಿಂಗ್ಸ್ ಆಫ್ ಪವರ್' ಎರಡನೇ ಸೀಸನ್ ಬಂತು. ಅದರಲ್ಲಿ ಕೆಲವೇ ಸೆಕೆಂಡಿನ ಒಂದು ದೃಶ್ಯ. ಒಬ್ಬ ಆರ್ಕ್ ಮತ್ತೆ ಯುದ್ಧಕ್ಕೆ ಹೋಗಬೇಕಾ ಅಂತ ಕೇಳ್ತಾನೆ, ಆಮೇಲೆ ತನ್ನ ಹೆಂಡತಿ ಮಗು ಹತ್ರ ಹೋಗ್ತಾನೆ. ಹೆಂಗಸಿನ ತೋಳಲ್ಲಿ ಕೂಸು. ಅಷ್ಟೇ ಇರೋದು.

ಅಯ್ಯಯ್ಯೋ, ಏನು ರಂಪ ಅದು! ಆರ್ಕ್‌ಗೆ ಸಂಸಾರವಾ, ಆರ್ಕ್‌ಗೆ ಮಗುವಾ, ಟೋಲ್ಕಿನ್ ಸಮಾಧಿಯಲ್ಲಿ ಮಗ್ಗುಲು ಬದಲಿಸ್ತಾನೆ ಅಂತ. ಮೂಲನಿಷ್ಠರೇ, ಮೂಲ ತೆಗೀರಿ. 1977ರ 'ದಿ ಸಿಲ್ಮರಿಲಿಯನ್'ನಲ್ಲಿ ಆರ್ಕ್‌ಗಳಿಗೂ ಜೀವ ಇತ್ತು, ಎಲ್ಫ್ ಮತ್ತು ಮನುಷ್ಯರ ರೀತಿಯಲ್ಲೇ ಸಂತಾನ ಆಗ್ತಿತ್ತು ಅಂತ ಸ್ಪಷ್ಟವಾಗಿದೆ. 'ದಿ ಹಾಬಿಟ್'ನಲ್ಲಿ ಬೋಲ್ಗ್ ಬರ್ತಾನೆ, ಅವನಿಗೆ ಅಪ್ಪ ಇದ್ದಾನೆ, ಅಜೋಗ್. ಅಪ್ಪ ಇದ್ಮೇಲೆ ಅಮ್ಮ ಇರಲೇಬೇಕಲ್ಲ? ಅದೇ ಪುಸ್ತಕದಲ್ಲಿ ಗೊಲ್ಲಮ್ ಒಂದು ಪುಟ್ಟ ಗಾಬ್ಲಿನ್ ಮರಿಯನ್ನ ಹಿಡಿದು ತಿಂದದ್ದು, ಅದು ಕಿರುಚಿದ್ದು ಇದೆ. ಟೋಲ್ಕಿನ್ ಲೋಕದಲ್ಲಿ ಗಾಬ್ಲಿನ್ ಅಂದ್ರೂ ಆರ್ಕ್ ಅಂದ್ರೂ ಒಂದೇ. ಅಂದ್ರೆ ತಿನ್ನೋಕೆ ಸಿಗೋ ಕೂಸು ಇರಬಹುದು, 1937ರಿಂದ ಯಾರಿಗೂ ಅದರಿಂದ ತೊಂದರೆ ಇಲ್ಲ. ತಾಯಿ ಎತ್ಕೊಳ್ಳೋ ಕೂಸು ಮಾತ್ರ ಇರಬಾರದು.

ಯಾಕಂದ್ರೆ ಕೂಸು ಕಾಣಿಸಿದ ತಕ್ಷಣ 42, 41 ಅಂತ ಎಣಿಸೋದು ಕಷ್ಟ ಆಗುತ್ತೆ. ಸಿಳ್ಳೆ ಹೊಡೆಯೋಕೆ ತುಟಿ ಕೂಡೋದಿಲ್ಲ. ಮೈಸೂರಿನಲ್ಲಿ ಮಹಿಷ ದಸರಾ ಮಾಡಿದಾಗ್ಲೆಲ್ಲ ಎದ್ದು ಬರೋ ಉರಿಯೂ ಇದೇ ಜಾತಿಯದ್ದು. ರಾಕ್ಷಸ ರಾಕ್ಷಸನಾಗೇ ಇರ್ಲಿ, ಅವನಿಗೆ ಹೆಸರು, ಊರು, ಪ್ರಜೆ, ಅಮ್ಮ ಎಲ್ಲ ಯಾಕೆ ಬೇಕು ಅನ್ನೋ ಉರಿ.

ಅಮೆಜಾನ್ ಕಂಪನಿಗೆ ನಾನು ಸರ್ಟಿಫಿಕೇಟ್ ಕೊಡ್ತಿಲ್ಲ. ಹಕ್ಕು ಕೊಳ್ಳೋಕೇ 25 ಕೋಟಿ ಡಾಲರ್ ಸುರಿದರು ಅಂತ ವರದಿ ಆಗಿತ್ತು, ಅಷ್ಟು ದುಡ್ಡು ಸುರಿದೋರು ಧರ್ಮಕ್ಕೆ ಕಥೆ ಹೇಳಲ್ಲ. ಸರಣಿ ಎಷ್ಟೋ ಕಡೆ ಜಾಳುಜಾಳು, ಮೊದಲ ಸೀಸನ್ನಿನ ಅರ್ಧ ನಾನು ಆಕಳಿಸಿಕೊಂಡೇ ನೋಡಿದ್ದು. ಚೆನ್ನಾಗಿಲ್ಲ ಅಂತ ಬೈಯಿರಿ, ಮಾತು ಉದ್ದ ಅಂತ ಬೈಯಿರಿ, ನಾನೂ ಜೊತೆಗೆ ಬೈತೀನಿ. ಆ ಕೂಸಿನ ತಂಟೆಗೆ ಮಾತ್ರ ಬರಬೇಡಿ.

ತಮ್ಮಾ, ನೀನು ಹಾಕಿದ ವಿಡಿಯೋ ನಾನು ಡಿಲೀಟ್ ಮಾಡಿಸಿಲ್ಲ, ಅಲ್ಲೇ ಇರಲಿ. ಭಾನುವಾರ ಸಭೆಗೆ ಬರ್ತೀಯಲ್ಲ, ಅರ್ತ್‌ಸೀ ಪುಸ್ತಕ ಒಂದು ಪ್ರತಿ ನನ್ನ ಹತ್ರ ಇದೆ, ಕೊಡ್ತೀನಿ. ಮುಖಪುಟ ಹರಿದಿದೆ, ಅದರ ಮೇಲೂ ಗೆಡ್ ಬೆಳ್ಳಗೇ ಇದ್ದ. ಓದಿ ವಾಪಸ್ ಕೊಡು, ಸಾಲಲ್ಲಿ ಇನ್ನೂ ಇಬ್ಬರಿದ್ದಾರೆ.