ರಿಪೋರ್ಟು ಯಾರ ಕೈಯಲ್ಲಿ?

ನಮ್ಮಲ್ಲಿ ಕುಶಲ ವಿಚಾರಿಸುವುದೇ ಊಟದಿಂದ. ಕಾಯಿಲೆಯವರನ್ನು ನೋಡಲು ಹೋದರೆ ಕೈಯಲ್ಲಿ ಮೂಸಂಬಿ, ಬ್ರೆಡ್ಡು; ಹೊರಡುವಾಗ ‘ಚೆನ್ನಾಗಿ ತಿನ್ನಪ್ಪ, ಎಲ್ಲ ಸರಿಹೋಗುತ್ತೆ’ ಎಂಬ ಮಾತು. ಅನ್ನನಾಳದ ಕ್ಯಾನ್ಸರ್ ಬಂದವನ ಮುಂದೆ ಆ ಹಣ್ಣೂ ನಡೆಯುವುದಿಲ್ಲ, ಆ ಮಾತೂ ನಡೆಯುವುದಿಲ್ಲ. ನನ್ನ ಅಕ್ಕನ ಮಗನಿಗೆ ಮೂವತ್ನಾಲ್ಕನೇ ವಯಸ್ಸಿಗೆ ಅದು ಬಂದಾಗ ಮೂಸಂಬಿ ಹಿಡಿದು ಹೋದವರಲ್ಲಿ ನಾನೂ ಒಬ್ಬ.

ಮೊದಲು ಅವನಿಗೆ ಚಪಾತಿ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿತ್ತು. ನೀರು ಕುಡಿದು ಇಳಿಸುತ್ತಿದ್ದ. ಗ್ಯಾಸು ಅಂದೆವು. ಆಮೇಲೆ ಅನ್ನ, ಆಮೇಲೆ ಮೆತ್ತಗಿನ ಇಡ್ಲಿ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ, ಹಿಗ್ಗಬಲ್ಲ ಕೊಳವೆ; ಒಳಗಿನ ಗಡ್ಡೆ ದಾರಿಯನ್ನು ಸಾಕಷ್ಟು ಕಿರಿದು ಮಾಡುವವರೆಗೆ ಅದು ದೂರು ಹೇಳುವುದಿಲ್ಲ. ಎಂಡೋಸ್ಕೋಪಿ, ಬಯಾಪ್ಸಿ ಮುಗಿದು ರಿಪೋರ್ಟು ಬಂದದ್ದು ಭಾವನ ಕೈಗೆ. ಅವರು ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಅಂದು ರಾತ್ರಿ ಹಿರಿಯರ ತೀರ್ಮಾನವೂ ಆಯಿತು: ‘ಅವನಿಗೆ ಹೇಳೋದು ಬೇಡ. ಅಲ್ಸರ್ ಅನ್ನೋಣ.’

ಹೇಳಿದರೆ ಎದೆಗುಂದುತ್ತಾನೆ ಎಂಬ ಭಯ ಸುಳ್ಳಲ್ಲ. ಆದರೆ ಹೇಳದಿದ್ದರೆ ಗೊತ್ತಾಗುವುದಿಲ್ಲ ಎಂಬುದು ಮಾತ್ರ ಶುದ್ಧ ಸುಳ್ಳು. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಹೆಸರು ಹಳ್ಳಿಗಳಲ್ಲೂ ಕಾಯಿಲೆಯ ಮರುಹೆಸರಾಗಿದೆ. ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ’ ಅಂದರೆ ಮುಂದಿನದನ್ನು ಯಾರೂ ಕೇಳುವುದಿಲ್ಲ. ಬೋರ್ಡು ಓದಬಲ್ಲ, ಮೊಬೈಲ್ ಹಿಡಿದ ಹುಡುಗನಿಗೆ ಎಷ್ಟು ದಿನ ಅಲ್ಸರ್ ಕಥೆ ಹೇಳುವುದು? ಅವನಿಗೆ ತಿಳಿದೇ ತಿಳಿಯುತ್ತದೆ. ಆಮೇಲೆ ನಾವು ನೊಂದುಕೊಳ್ಳಬಾರದೆಂದು ಏನೂ ತಿಳಿಯದವನ ಹಾಗೆ ನಟಿಸುವ ಕೆಲಸವೂ ಅವನ ತಲೆಗೇ ಬೀಳುತ್ತದೆ. ಮುಚ್ಚಿಡುವುದರಿಂದ ಉಳಿಯುವುದು ರೋಗಿಯ ಧೈರ್ಯವಲ್ಲ; ಅವನೆದುರು ಅಳಬೇಕಾದ ಕಷ್ಟದಿಂದ ಪಾರಾಗುವುದು ನಾವು.

ನಿಜ ಹೇಳಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇರೆ ಇದೆ. ಈ ಕಾಯಿಲೆಯ ಚಿಕಿತ್ಸೆ ರೋಗಿಯನ್ನು ಬಿಟ್ಟು ಬೇರೆ ಯಾರೂ ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳುತ್ತದೆ. ಕಿಮೋ ಕೆಲವೊಮ್ಮೆ ಮಕ್ಕಳಾಗುವ ಶಕ್ತಿಯನ್ನೇ ಕುಂದಿಸಬಹುದು. ಹಾಗಾಗಿ ಗಂಡಸಾದರೆ ಮೊದಲ ಡೋಸಿಗೆ ಮುಂಚೆಯೇ ವೀರ್ಯ ಶೇಖರಿಸಿಡುವ ಮಾತು ಆಡಬೇಕು. ಎಪ್ಪತ್ತರ ರೋಗಿಯ ಮನೆಯಲ್ಲಿ ಏಳದ ಪ್ರಶ್ನೆ ಇದು. ‘ನಿನಗೆ ಅಲ್ಸರ್ರು’ ಎಂದವರು ಇದನ್ನು ಯಾವ ಬಾಯಲ್ಲಿ ಕೇಳಬೇಕು? ಅನ್ನನಾಳ ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ ಎದೆಗೆ ಎಳೆದು ಹೊಲಿಯುವ ಶಸ್ತ್ರಚಿಕಿತ್ಸೆಯೂ ಹಾಗೆಯೇ. ಅದಾದ ಮೇಲೆ ಬದುಕಿಡೀ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕು, ತಲೆ ಎತ್ತರಿಸಿಕೊಂಡು ಮಲಗಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವನಿಗೆ ಇದೆಲ್ಲ ಗೊತ್ತಿರಬೇಡವೇ?

ಹಾಗಂತ ಎಲ್ಲವನ್ನೂ ಒಂದೇ ಏಟಿಗೆ ಸುರಿಯಬೇಕಿಲ್ಲ. ‘ಅದೆಲ್ಲ ನನಗೆ ಬೇಡ, ಅಣ್ಣನ ಹತ್ರ ಮಾತಾಡಿ’ ಎನ್ನುವವರಿದ್ದಾರೆ. ಅದೂ ಅವರ ಹಕ್ಕೇ. ಆದರೆ ಆ ಮಾತು ಅವರ ಬಾಯಿಂದ ಬರಬೇಕು, ನಮ್ಮ ಊಹೆಯಿಂದಲ್ಲ. ಕೊನೆಗೆ ನಮ್ಮ ಹುಡುಗನನ್ನು ಡಾಕ್ಟರೇ ಕೇಳಿದರು: ‘ಎಷ್ಟು ತಿಳ್ಕೋಬೇಕು ಅನ್ಸುತ್ತೆ?’ ‘ಪೂರ್ತಿ’ ಅಂದ. ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: ‘ಮಾವ, ನೀವೆಲ್ಲ ಪಿಸುಗುಟ್ಟುತ್ತಿದ್ದಾಗಲೇ ಹೆಚ್ಚು ಹೆದರಿಕೆ ಆಗಿದ್ದು.’

ನಿಜ ಗೊತ್ತಾದ ಮನೆಯಲ್ಲಿ ಕೆಲಸ ಹಂಚಿಕೊಳ್ಳುವುದು ಸುಲಭ. ಹಾಲೆಂಡಿನ ವೈದ್ಯರು 2012ರಲ್ಲಿ ಪ್ರಕಟಿಸಿದ ‘ಕ್ರಾಸ್’ ಅಧ್ಯಯನದ ಕ್ರಮದಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲು ಐದು ವಾರ ಕಿಮೋ, ಜೊತೆಗೆ 23 ಸಲ ವಿಕಿರಣ. ಅಂದರೆ 23 ಸಲ ಆಸ್ಪತ್ರೆಗೆ ಹೋಗಿ ಬರಬೇಕು. ‘ಏನಾದ್ರೂ ಬೇಕಿದ್ರೆ ಹೇಳು’ ಎನ್ನುವುದಕ್ಕಿಂತ ‘ಬುಧವಾರದ ಕಾರು ನನ್ನದು’ ಎನ್ನುವುದು ವಾಸಿ. ಅಡುಗೆಮನೆಗೂ ಕೆಲಸವಿದೆ. ಬರೀ ಗಂಜಿಯ ತಿಳಿಯಿಂದ ತೂಕ ನಿಲ್ಲುವುದಿಲ್ಲ. ಹಾಲು, ಮೊಸರು, ಮೊಟ್ಟೆ, ನುಣ್ಣಗೆ ರುಬ್ಬಿದ ಬೇಳೆ ಬೇಕು. ಅದೂ ಇಳಿಯದಿದ್ದರೆ ಮೂಗಿನಿಂದಲೋ ಹೊಟ್ಟೆಯಿಂದಲೋ ನಳಿಕೆ ಹಾಕುತ್ತಾರೆ. ಅಕ್ಕ ಆ ನಳಿಕೆ ನೋಡಿ ಅತ್ತಳು, ಮಗನ ಕಥೆ ಮುಗಿಯಿತೆಂದು. ಅದು ಮುಗಿದುದರ ಗುರುತಲ್ಲ, ಚಿಕಿತ್ಸೆ ತಡೆದುಕೊಳ್ಳಲು ಮೈಗೆ ಬಲ ತುಂಬುವ ದಾರಿ ಎಂದು ಆಹಾರತಜ್ಞೆ ಕೂರಿಸಿಕೊಂಡು ವಿವರಿಸಬೇಕಾಯಿತು.

ನಾಟಿ ಔಷಧಿಯ ವಿಳಾಸ ಕಳಿಸುವವರು, ‘ಗುಟ್ಕಾ ತಿಂತಿದ್ನಾ?’ ಎಂದು ಪಕ್ಕಕ್ಕೆ ಕರೆದು ಕೇಳುವವರು ಬಂದೇ ಬರುತ್ತಾರೆ. ತಂಬಾಕು, ಅಡಿಕೆ, ಮದ್ಯ ಈ ಕಾಯಿಲೆಗೆ ದಾರಿ ಮಾಡುವುದು ನಿಜ. ಆದರೆ ಆ ವಿಚಾರಣೆಯಿಂದ ಈಗ ರೋಗಿಗೆ ಬರುವ ಲಾಭ ಸೊನ್ನೆ. ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವುದೂ ಮನೆಯವರು ಮಾಡಬಹುದಾದ ಉಪಕಾರ.

ನಿಮ್ಮ ಮನೆಯಲ್ಲಿ ಈ ಹೊತ್ತು ಯಾರದೋ ಬಯಾಪ್ಸಿ ರಿಪೋರ್ಟು ಅಪ್ಪನ ಬ್ಯಾಗಿನಲ್ಲಿ ಮಡಚಿ ಕೂತಿದ್ದರೆ, ಮೊದಲ ಕಿಮೋಗೆ ಮುಂಚೆ ಅದನ್ನು ತೆಗೆದು ಆ ಮಗುವಿನ ಕೈಗೆ ಕೊಡಿ.