ಸೋಲಾರ್ ಸಬ್ಸಿಡಿ: ಮೊದಲು ಕರೆಂಟ್ ಬಿಲ್ ನೋಡಿ

'ಪಕ್ಕದ ಮನೆಯವರು ಸೋಲಾರ್ ಹಾಕಿಸಿದ್ರು. ಸರ್ಕಾರ 78 ಸಾವಿರ ಕೊಡುತ್ತಂತೆ. ನಾವೂ ಹಾಕಿಸೋಣ್ವಾ?' ನಿಮ್ಮ ಮನೆಯಲ್ಲೂ ಈ ಮಾತು ಬಂದಿದೆಯೇ? ಹಾಗಿದ್ದರೆ ಚೀಟಿ ಹಣ ಎತ್ತುವ ಮುನ್ನ, ಬಳೆ ಅಡ ಇಡುವ ಮುನ್ನ ಐದು ನಿಮಿಷ ಇದನ್ನು ಓದಿ.

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30 ಸಾವಿರ, 2 ಕಿಲೋವಾಟ್‌ಗೆ 60 ಸಾವಿರ, 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಿಗುವುದು ಇಷ್ಟೇ. ಜತೆಗೆ 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅಂಗಡಿಯವರು ಕೊಡುವ ಕೊಟೇಶನ್‌ನಲ್ಲೂ ಇಳಿದಿದೆಯೇ, ಕೇಳಿ ನೋಡಿ.

ಅಮೆರಿಕದಲ್ಲಿ ಇರುವ ಮಗನೋ ಮಗಳೋ 'ಇಲ್ಲಿ ತೆರಿಗೆಯಲ್ಲೇ ಕಳೀತಾರೆ' ಎಂದು ಹೇಳಿರಬಹುದು. ನಿಜ, ಅಲ್ಲಿ ಖರ್ಚಿನ ಶೇ 30ರಷ್ಟನ್ನು ಆದಾಯ ತೆರಿಗೆಯಲ್ಲಿ ಕಳೆಯುತ್ತಿದ್ದರು. ಆದರೆ 2025ರ ಜುಲೈನಲ್ಲಿ ಬಂದ ಹೊಸ ಕಾನೂನಿನಿಂದ ಆ ಸೌಲಭ್ಯ ಅದೇ ವರ್ಷದ ಡಿಸೆಂಬರ್ 31ಕ್ಕೆ ನಿಂತುಹೋಯಿತು. ನಮ್ಮಲ್ಲಿ ಹಣ ನೇರ ಬ್ಯಾಂಕ್ ಖಾತೆಗೆ ಬರುವುದರಿಂದ, ತೆರಿಗೆ ಕಟ್ಟದ ಗೃಹಿಣಿಯೂ ಪಡೆಯಬಹುದು. ಆದರೆ ಇದಕ್ಕೂ ಗಡುವಿದೆ. ಯೋಜನೆಯ ಅವಧಿ 2026-27ರ ಹಣಕಾಸು ವರ್ಷದವರೆಗೆ.

ಹಾಗೆಂದು ಅವಸರ ಬೇಡ. ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಇದೆಯಲ್ಲ? ನಿಮ್ಮದು ಸೊನ್ನೆ ಬಿಲ್ ಆಗಿದ್ದರೆ ಸೋಲಾರ್‌ನಿಂದ ಉಳಿಸುವುದಾದರೂ ಏನನ್ನು? ಸಾಲದ ಕಂತು ಮಾತ್ರ ಹೊಸದಾಗಿ ಸೇರುತ್ತದೆ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗಳಿಗೆ ಮಾತ್ರ ಇದು ನಿಜವಾದ ಲಾಭ. 1 ಕಿಲೋವಾಟ್‌ನಿಂದ ತಿಂಗಳಿಗೆ ಸರಾಸರಿ 100 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಮಳೆಗಾಲದಲ್ಲಿ ಕಡಿಮೆ. ವರ್ಷದ 12 ಬಿಲ್ ಮುಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ.

ಇನ್ನು ಈ ಮೂರು ವಿಷಯ ಮರೆಯಬೇಡಿ.

* ಬಿಲ್ ಯಾರ ಹೆಸರಲ್ಲಿದೆ? ಅರ್ಜಿ ಅವರ ಹೆಸರಲ್ಲಿ, ಸಬ್ಸಿಡಿಯೂ ಅವರ ಖಾತೆಗೆ. ತೀರಿಹೋದ ಮಾವನವರ ಹೆಸರೇ ಇನ್ನೂ ಇದ್ದರೆ ಮೊದಲು ಹೆಸರು ಬದಲಾಯಿಸಿ. ದುಡ್ಡು ಹಾಕುವವರು ನೀವಾದರೆ, ವಾಪಸ್ ಬರುವ ಹಣ ಯಾರ ಕೈ ಸೇರಬೇಕೆಂದು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.

* ಸಬ್ಸಿಡಿ ಮುಂಗಡವಾಗಿ ಬರುವುದಿಲ್ಲ. ಪ್ಯಾನೆಲ್ ಕೂರಿಸಿ, ನೆಟ್ ಮೀಟರ್ ಹಾಕಿ, ಪರಿಶೀಲನೆ ಮುಗಿದ ಮೇಲಷ್ಟೇ. ಅಲ್ಲಿಯವರೆಗೆ ಕೈಯಿಂದಲೇ ಹಾಕಬೇಕು. 3 ಕಿಲೋವಾಟ್‌ವರೆಗೆ ಬ್ಯಾಂಕ್‌ಗಳು ಅಡಮಾನವಿಲ್ಲದೆ ಸಾಲ ಕೊಡುತ್ತವೆ. ಹೀಗಿರುವಾಗ ಬಳೆ ಯಾಕೆ ಅಡ ಇಡಬೇಕು?

* ಯೋಜನೆಯಲ್ಲಿ ನೋಂದಾಯಿತರಾದವರಿಂದಲೇ, ದೇಶದಲ್ಲೇ ತಯಾರಾದ ಪ್ಯಾನೆಲ್ ಹಾಕಿಸಿ. ಇಲ್ಲದಿದ್ದರೆ ಸಬ್ಸಿಡಿ ಇಲ್ಲ.

ತಾರಸಿಯ ಬಿಸಿಲು ಎಲ್ಲೂ ಹೋಗುವುದಿಲ್ಲ. ಲೆಕ್ಕ ಸರಿಹೋದರೆ ಗಡುವಿನೊಳಗೆ ಧೈರ್ಯವಾಗಿ ಹಾಕಿಸಿ. ಸರಿಹೋಗದಿದ್ದರೆ ಪಕ್ಕದ ಮನೆಯವರಿಗೆ ಶುಭ ಹಾರೈಸಿ, ಹಪ್ಪಳ ಒಣಗಿಸಿಕೊಳ್ಳಿ!